ಕೋಹಾ ಸರ್ವರ್ ಪೂರ್ತಿ ಕೆಟ್ಟರೆ ಬ್ಯಾಕಪ್‌ನಿಂದ ಮತ್ತೆ ಕಟ್ಟುವ ಯೋಜನೆ ಹೇಗಿರಬೇಕು?

ಪ್ರಶ್ನೆ: ಗ್ರಂಥಪಾಲಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಒಂದು ಪದವಿ ಕಾಲೇಜಿನ ಗ್ರಂಥಪಾಲಕಿ. ನಮ್ಮಲ್ಲಿ ಸುಮಾರು 42,000 ಪುಸ್ತಕಗಳಿದ್ದು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕನ್ನಡದವು. ಪುಸ್ತಕಗಳ ಸೂಚಿ, ಸದಸ್ಯರ ವಿವರ, ಪುಸ್ತಕ ಕೊಡುವ ಮತ್ತು ಹಿಂಪಡೆಯುವ ವ್ಯವಹಾರ ಎಲ್ಲವೂ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ ಸ್ಥಾಪಿಸಿರುವ ಕೋಹಾ ಎಂಬ ಗ್ರಂಥಾಲಯ ನಿರ್ವಹಣಾ ತಂತ್ರಾಂಶದಲ್ಲಿವೆ. ಸರ್ವರ್ ಎಂದು ನಾವು ಕರೆಯುವುದು ವಾಸ್ತವದಲ್ಲಿ 500 ಜಿಬಿ ಹಾರ್ಡ್ ಡಿಸ್ಕ್ ಇರುವ ಒಂದು ಹಳೆಯ ಟವರ್ ಕಂಪ್ಯೂಟರ್. ಆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ ರೀಅಲೊಕೇಟೆಡ್ ಸೆಕ್ಟರ್‌ಗಳ, ಅಂದರೆ ಕೆಟ್ಟು ಬದಲಿ ಜಾಗ ಪಡೆದ ಭಾಗಗಳ, ಸಂಖ್ಯೆ ಇತ್ತೀಚೆಗೆ ಏರುತ್ತಿರುವುದರಿಂದ ಈ ಪ್ರಶ್ನೆಯನ್ನು ಮುಂದೂಡಲು ಮನಸ್ಸಾಗುತ್ತಿಲ್ಲ.

ಸದ್ಯ ಎರಡು ಬಗೆಯ ಬ್ಯಾಕಪ್‌ಗಳಿವೆ. ಪ್ರತಿ ರಾತ್ರಿ ಕೋಹಾ ತಾನಾಗಿಯೇ ತೆಗೆಯುವ ಡಂಪ್ (ದತ್ತಾಂಶದ ಪ್ರತಿ) ಕಡತಗಳನ್ನು ಒಂದು ಸ್ಕ್ರಿಪ್ಟ್ ಯುಎಸ್‌ಬಿ ಡಿಸ್ಕಿಗೆ ನಕಲು ಮಾಡುತ್ತದೆ. ಆ ಡಿಸ್ಕ್ ಸದಾ ಸರ್ವರಿಗೆ ಸೇರಿಕೊಂಡೇ ಇರುತ್ತದೆ. ಇದಲ್ಲದೆ ಸೆಮಿಸ್ಟರ್ ರಜೆಯಲ್ಲಿ ಕ್ಲೋನ್‌ಝಿಲ್ಲಾ ಎಂಬ ತಂತ್ರಾಂಶ ಬಳಸಿ ಇಡೀ ಡಿಸ್ಕಿನ ಇಮೇಜ್, ಅಂದರೆ ಯಥಾವತ್ ಪ್ರತಿ, ತೆಗೆಸಿ ಇಡುತ್ತೇವೆ. ನಮ್ಮ ಗಣಕವಿಜ್ಞಾನದ ಉಪನ್ಯಾಸಕರು ಇಮೇಜ್ ಒಂದಿದ್ದರೆ ಸಾಕು ಎನ್ನುತ್ತಾರೆ. ಕೋಹಾ ಸ್ಥಾಪಿಸಿಕೊಟ್ಟವರು ಡಂಪ್ ಇದ್ದರೆ ಸಾಕು ಎಂದಿದ್ದರು. ಆದರೆ ಇವೆರಡರಿಂದಲೂ ವ್ಯವಸ್ಥೆಯನ್ನು ಮರಳಿ ಕಟ್ಟಿ ನೋಡಿದವರು ನಮ್ಮಲ್ಲಿ ಯಾರೂ ಇಲ್ಲ.

ನಾಳೆ ಡಿಸ್ಕ್ ಪೂರ್ತಿ ನಿಂತುಹೋದರೆ ಯಾವುದನ್ನು ಬಳಸಬೇಕು, ಯಾವ ಕ್ರಮದಲ್ಲಿ ಮುಂದುವರಿಯಬೇಕು, ಮರಳಿ ಬಂದದ್ದು ಸರಿಯಾಗಿದೆ ಎಂದು ಹೇಗೆ ತಿಳಿಯಬೇಕು? ಎಷ್ಟು ಹೊತ್ತಿನಲ್ಲಿ ಕೌಂಟರ್ ಮತ್ತೆ ತೆರೆಯುತ್ತದೆ ಎಂದು ಪ್ರಾಂಶುಪಾಲರಿಗೆ ಹೇಳಬಹುದು? ಹಿಂದಿನ ರಾತ್ರಿಯ ಡಂಪ್‌ನ ನಂತರ ನಡೆದ ವ್ಯವಹಾರಗಳ ಗತಿಯೇನು? ಅನುಭವಿಗಳು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ವಿನಂತಿ.

ಉತ್ತರ 1: ಲಿನಕ್ಸ್ ಆಡಳಿತಗಾರ, ಮೈಸೂರು

ಮೇಡಂ, ನಿಮ್ಮ ಸಂದರ್ಭದಲ್ಲಿ ಹೊಸದಾಗಿ ಡೆಬಿಯನ್ ಸ್ಥಾಪಿಸಿ, ಅದರ ಮೇಲೆ ಕೋಹಾ ಡಂಪ್ ಇಳಿಸುವುದೇ ಮುಖ್ಯ ಮಾರ್ಗವಾಗಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇಮೇಜ್ ಎಷ್ಟೇ ಅನುಕೂಲವಾಗಿ ಕಂಡರೂ ಅದರೊಳಗಿನ ಡೇಟಾಬೇಸ್ ಕಳೆದ ರಜೆಯದು, ಅಂದರೆ ತಿಂಗಳುಗಟ್ಟಲೆ ಹಳೆಯದು. ಇಮೇಜನ್ನು ಇಳಿಸಿದ ಮೇಲೂ ನೀವು ನಿನ್ನೆ ರಾತ್ರಿಯ ಡಂಪನ್ನು ಇಳಿಸಲೇಬೇಕಾಗುತ್ತದೆ.

ಆದರೆ "ಡಂಪ್ ಇದ್ದರೆ ಸಾಕು" ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಕೋಹಾ-ಡಂಪ್ ಆಜ್ಞೆ ಎರಡು ಕಡತಗಳನ್ನು ಕೊಡುತ್ತದೆ. ಒಂದರಲ್ಲಿ ಡೇಟಾಬೇಸ್ ಇರುತ್ತದೆ. ಇನ್ನೊಂದರಲ್ಲಿ ನಿಮ್ಮ ಇನ್‌ಸ್ಟನ್ಸ್‌ಗೆ (ಯಂತ್ರದಲ್ಲಿ ನಿಮ್ಮ ಗ್ರಂಥಾಲಯಕ್ಕೆಂದು ರಚಿಸಿದ ಕೋಹಾ ಘಟಕಕ್ಕೆ) ಸೇರಿದ ಸಂರಚನೆ, ಅಂದರೆ /ಇಟಿಸಿ/ಕೋಹಾ/ಸೈಟ್ಸ್ ಒಳಗಿನ ನಿಮ್ಮ ಫೋಲ್ಡರ್ ಮತ್ತು ಅದಕ್ಕೆ ಸಂಬಂಧಿಸಿದ ಇತರ ಕಡತಗಳು ಇರುತ್ತವೆ. ಇಡೀ ಯಂತ್ರಕ್ಕೆ ಅನ್ವಯಿಸುವಂತೆ ಯಾರಾದರೂ ಮಾಡಿದ ಬದಲಾವಣೆಗಳು ಇವೆರಡರಲ್ಲಿಯೂ ಬರುವುದಿಲ್ಲ. ಕನ್ನಡ ಗ್ರಂಥಾಲಯಗಳಿಗೆ ಪೆಟ್ಟು ಬೀಳುವುದು ಇಲ್ಲಿಯೇ. ಒಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೋಹಾದ ಹುಡುಕಾಟವನ್ನು ಝೀಬ್ರಾ ಎಂಬ ಇಂಡೆಕ್ಸ್ ತಂತ್ರಾಂಶ ನಡೆಸುತ್ತದೆ. ಅದು ಪದಗಳನ್ನು ಬಿಡಿಸುವ ರೀತಿಯನ್ನು /ಇಟಿಸಿ/ಕೋಹಾ/ಝೀಬ್ರಾಡಿಬಿ/ಇಟಿಸಿ ಫೋಲ್ಡರಿನ ಡೀಫಾಲ್ಟ್.ಐಡಿಎಕ್ಸ್ ಎಂಬ ಕಡತ ನಿರ್ಧರಿಸುತ್ತದೆ. ಅಲ್ಲಿ ಮೊದಲಿನಿಂದ ಇರುವ ಅಕ್ಷರಪಟ್ಟಿ ಮುಖ್ಯವಾಗಿ ಲ್ಯಾಟಿನ್ ಲಿಪಿಯನ್ನು ಗಮನದಲ್ಲಿಟ್ಟುಕೊಂಡದ್ದು. ಕನ್ನಡ ಶೀರ್ಷಿಕೆಗಳು ಹುಡುಕಿದಾಗ ಸಿಗಬೇಕಾದರೆ ಆ ಸಾಲುಗಳನ್ನು ತೆಗೆದು ಯುನಿಕೋಡ್ ಲಿಪಿಗಳನ್ನು ಅರಿಯುವ ಐಸಿಯು ವಿಧಾನವನ್ನು ಸೂಚಿಸುವ ಸಾಲುಗಳನ್ನು ಹಾಕಬೇಕಾಗುತ್ತದೆ. ನಿಮಗೆ ಕೋಹಾ ಸ್ಥಾಪಿಸಿಕೊಟ್ಟವರು ಇದನ್ನು ಮಾಡಿರುವ ಸಾಧ್ಯತೆ ಹೆಚ್ಚು. ಆದರೆ ಈ ಕಡತ ಯಾವುದೇ ಇನ್‌ಸ್ಟನ್ಸಿಗೆ ಸೇರಿದ್ದಲ್ಲವಾದ್ದರಿಂದ ಡಂಪ್‌ನೊಳಗೆ ಬರುವುದಿಲ್ಲ. ಹೊಸ ಯಂತ್ರದಲ್ಲಿ ಡಂಪ್ ಯಾವ ದೋಷವನ್ನೂ ತೋರಿಸದೆ ಇಳಿಯುತ್ತದೆ, ಲಾಗಿನ್ ಆಗುತ್ತದೆ, ಬಾರ್‌ಕೋಡ್ ಹೊಡೆದರೆ ಪುಸ್ತಕ ವಿತರಣೆಯೂ ಆಗುತ್ತದೆ. ಎಲ್ಲವೂ ಸರಿಯಾಯಿತೆಂದು ಎಲ್ಲರೂ ಮನೆಗೆ ಹೋಗುತ್ತಾರೆ. ಮರುದಿನ ವಿದ್ಯಾರ್ಥಿಯೊಬ್ಬ ಓಪ್ಯಾಕ್‌ನಲ್ಲಿ (ಓದುಗರ ಹುಡುಕಾಟದ ಪುಟದಲ್ಲಿ) ಕನ್ನಡದಲ್ಲಿ "ಪರಿಸರ" ಎಂದು ಹುಡುಕಿದಾಗ ಒಂದು ಪುಸ್ತಕವೂ ಸಿಗುವುದಿಲ್ಲ.

ಇದೇ ರೀತಿ ಡಂಪ್‌ನ ಹೊರಗೆ ಉಳಿಯುವ ಇನ್ನೂ ಕೆಲವಿವೆ. ಸಿಬ್ಬಂದಿಯ ಪುಟ 8080 ಪೋರ್ಟಿನಲ್ಲಿ ತೆರೆಯುತ್ತಿದ್ದರೆ ಆ ಸಂಖ್ಯೆಯನ್ನು ವೆಬ್ ಸರ್ವರ್ ತಂತ್ರಾಂಶವಾದ ಅಪಾಚೆಯ ಪೋರ್ಟ್ಸ್.ಕಾನ್ಫ್ ಕಡತದಲ್ಲಿ ಸೇರಿಸಲಾಗಿರುತ್ತದೆ. ಕೋಹಾದ ಕನ್ನಡ ಅನುವಾದವನ್ನು ಕೋಹಾ-ಟ್ರಾನ್ಸ್‌ಲೇಟ್ ಆಜ್ಞೆಯಿಂದ ಸ್ಥಾಪಿಸಿದ್ದರೆ ಅದನ್ನು ಹೊಸ ಯಂತ್ರದಲ್ಲಿ ಮತ್ತೆ ಸ್ಥಾಪಿಸಬೇಕು. ಇಮೇಲ್ ಕಳುಹಿಸುವ ಪೋಸ್ಟ್‌ಫಿಕ್ಸ್‌ನ ಸೆಟ್ಟಿಂಗ್, ಸ್ಥಿರ ಐಪಿ ವಿಳಾಸ, ಬ್ಯಾಕಪ್ ನಕಲು ಮಾಡುವ ನಿಮ್ಮದೇ ಸ್ಕ್ರಿಪ್ಟ್ ಮತ್ತು ಅದನ್ನು ನಿಗದಿತ ಸಮಯಕ್ಕೆ ಓಡಿಸುವ ಕ್ರಾನ್ ಸಾಲು ಇವೂ ಹಾಗೆಯೇ. ಆದ್ದರಿಂದ ಇಂದೇ ಮಾಡಬೇಕಾದ ಕೆಲಸವೆಂದರೆ ಯಂತ್ರದ ಸೆಟ್ಟಿಂಗ್‌ಗಳಿರುವ ಇಡೀ /ಇಟಿಸಿ ಫೋಲ್ಡರನ್ನು ಪ್ರತಿ ರಾತ್ರಿಯ ನಕಲಿಗೆ ಸೇರಿಸುವುದು. ಅದು ಕೆಲವೇ ಎಂಬಿಗಳಷ್ಟು ಇರುತ್ತದೆ. ಡಂಪ್‌ನ ಸಂರಚನೆಯ ಕಡತದಲ್ಲಿಯೂ /ಇಟಿಸಿಯಲ್ಲಿಯೂ ಪಾಸ್‌ವರ್ಡ್‌ಗಳಿರುವುದರಿಂದ ಆ ಡಿಸ್ಕನ್ನು ಬೀಗ ಹಾಕಿದ ಜಾಗದಲ್ಲಿಡಿ.

ಇನ್ನು ಕ್ರಮಕ್ಕೆ ಬರುತ್ತೇನೆ. ಈಗಿನ ಯಂತ್ರದಲ್ಲಿ ಡೆಬಿಯನ್‌ನ ಯಾವ ಆವೃತ್ತಿ ಮತ್ತು ಕೋಹಾದ ಯಾವ ಆವೃತ್ತಿ ಇವೆ ಎಂಬುದನ್ನು ಮೊದಲು ಕಾಗದದಲ್ಲಿ ಬರೆದಿಡಿ. ಕೋಹಾ ವರ್ಷಕ್ಕೆರಡು ಬಾರಿ, ಮೇ ಮತ್ತು ನವೆಂಬರ್ ತಿಂಗಳುಗಳಲ್ಲಿ, ಹೊಸ ಸರಣಿಯನ್ನು ಬಿಡುಗಡೆ ಮಾಡುತ್ತದೆ, 23.05, 23.11 ಎಂಬ ಸಂಖ್ಯೆಗಳ ಅರ್ಥ ಅದೇ. ಪ್ಯಾಕೇಜುಗಳು ಎಲ್ಲಿಂದ ಬರಬೇಕೆಂದು ಹೇಳುವ ರೆಪೊಸಿಟರಿಯ ಸಾಲಿನಲ್ಲಿ "ಸ್ಟೇಬಲ್" ಎಂದಷ್ಟೇ ಬರೆದಿದ್ದರೆ ಹೊಸದಾಗಿ ಸ್ಥಾಪಿಸುವ ದಿನ ಬರುವುದು ಬೇರೆಯೇ ಸರಣಿಯಾಗಿರಬಹುದು. ಹಳೆಯ ಡಂಪನ್ನು ಹೊಸ ಆವೃತ್ತಿಯ ಮೇಲೆ ಇಳಿಸಿ, ಡೇಟಾಬೇಸಿನ ರಚನೆಯನ್ನು ಅದಕ್ಕೆ ಹೊಂದಿಸುವ ಕೋಹಾ-ಅಪ್‌ಗ್ರೇಡ್-ಸ್ಕೀಮಾ ಓಡಿಸಬಹುದು. ಆದರೆ ಹೊಸ ಡಂಪನ್ನು ಹಳೆಯ ಆವೃತ್ತಿಯ ಮೇಲೆ ಇಳಿಸುವಂತಿಲ್ಲ. ತುರ್ತಿನ ದಿನ ಆವೃತ್ತಿ ಬದಲಾವಣೆಯ ತಲೆನೋವನ್ನೂ ಹಚ್ಚಿಕೊಳ್ಳುವುದು ಬೇಡವೆಂದಾದರೆ ಅದೇ ಸರಣಿಯ ಸಂಖ್ಯೆಯನ್ನು ರೆಪೊಸಿಟರಿಯ ಸಾಲಿನಲ್ಲಿ ನಮೂದಿಸಿ.

ಡೆಬಿಯನ್, ಮಾರಿಯಾಡಿಬಿ (ಡೇಟಾಬೇಸ್ ತಂತ್ರಾಂಶ), ಕೋಹಾ ಪ್ಯಾಕೇಜುಗಳು ಸ್ಥಾಪನೆಯಾದ ಬಳಿಕ, ಉಳಿಸಿಟ್ಟ /ಇಟಿಸಿಯಿಂದ ಬೇಕಾದ ಕಡತಗಳನ್ನು ಮಾತ್ರ ಒಂದೊಂದಾಗಿ ಹೋಲಿಸಿ ತನ್ನಿ. ಇಡೀ ಫೋಲ್ಡರನ್ನು ಹೊಸದರ ಮೇಲೆ ಸುರಿದರೆ ಹೊಸ ಡಿಸ್ಕಿನ ಎಫ್‌ಎಸ್‌ಟ್ಯಾಬ್ (ಡಿಸ್ಕ್ ವಿಭಾಗಗಳ ಪಟ್ಟಿ) ಅಳಿಸಿಹೋಗಿ ಯಂತ್ರ ಬೂಟ್ ಆಗುವುದೇ ಕಷ್ಟವಾದೀತು. ಅನಂತರ ಕೋಹಾ-ರಿಸ್ಟೋರ್ ಆಜ್ಞೆಗೆ ಒಂದೇ ರಾತ್ರಿಯ ಎರಡು ಕಡತಗಳನ್ನು ಕೊಡಬೇಕು. ಇದಕ್ಕೆ ಮುಂಚೆ ಅದೇ ಹೆಸರಿನ ಇನ್‌ಸ್ಟನ್ಸನ್ನು ಕೋಹಾ-ಕ್ರಿಯೇಟ್ ಮೂಲಕ ಸೃಷ್ಟಿಸಬಾರದು. ಬಳಕೆದಾರನನ್ನೂ ಡೇಟಾಬೇಸನ್ನೂ ರಿಸ್ಟೋರ್ ತಾನೇ ಸೃಷ್ಟಿಸುತ್ತದೆ, ಅವು ಮೊದಲೇ ಇದ್ದರೆ ತಕರಾರು ಮಾಡುತ್ತದೆ. ಡೀಫಾಲ್ಟ್.ಐಡಿಎಕ್ಸ್ ಸರಿಯಾದ ಸ್ಥಾನದಲ್ಲಿದೆ ಎಂದು ಖಚಿತಪಡಿಸಿಕೊಂಡು ಕೋಹಾ-ರೀಬಿಲ್ಡ್-ಝೀಬ್ರಾ ಮೂಲಕ ಇಂಡೆಕ್ಸನ್ನು ಪೂರ್ಣವಾಗಿ ಮತ್ತೆ ಕಟ್ಟಿಸಿ. ಕೊನೆಯಲ್ಲಿ ತಾತ್ಕಾಲಿಕ ನೆನಪಿನ ಸೇವೆಯಾದ ಮೆಮ್‌ಕ್ಯಾಶ್‌ಡಿ ಮತ್ತು ಅಪಾಚೆಗಳನ್ನು ಮರುಪ್ರಾರಂಭಿಸಿ.

ಸಮಯದ ವಿಷಯ: 42,000 ಪುಸ್ತಕಗಳ ಡೇಟಾಬೇಸ್ ಇಳಿಯುವುದೇನೂ ದೊಡ್ಡ ಕೆಲಸವಲ್ಲ. ಹೊತ್ತು ಹೋಗುವುದು ಹೊಸ ಡಿಸ್ಕ್ ತರುವುದರಲ್ಲಿ, ಪ್ಯಾಕೇಜುಗಳನ್ನು ಇಳಿಸಿಕೊಳ್ಳುವುದರಲ್ಲಿ ಮತ್ತು ಮರೆತ ಪಾಸ್‌ವರ್ಡ್ ಹುಡುಕುವುದರಲ್ಲಿ. ಡಿಸ್ಕನ್ನು ಮೊದಲೇ ಕೊಂಡಿಟ್ಟಿದ್ದರೆ ಅರ್ಧ ದಿನ ಸಾಕಾಗಬಹುದು. ಪ್ರಾಂಶುಪಾಲರಿಗೆ ಮಾತ್ರ ಒಂದು ಪೂರ್ತಿ ಕೆಲಸದ ದಿನವೆಂದೇ ಹೇಳಿ.

ಹಿಂದಿನ ರಾತ್ರಿಯ ನಂತರದ ವ್ಯವಹಾರಗಳು ಡಂಪ್‌ನಿಂದ ಮರಳುವುದಿಲ್ಲ. ಮಾರಿಯಾಡಿಬಿಯ ಬೈನರಿ ಲಾಗ್ (ಪ್ರತಿ ಬದಲಾವಣೆಯ ದಾಖಲೆ) ಚಾಲೂ ಮಾಡಿ ಅದನ್ನು ಬೇರೆಡೆಗೆ ಆಗಾಗ ನಕಲಿಸುತ್ತಿದ್ದರೆ ಕೆಡುವ ಮುಂಚಿನ ಕ್ಷಣದವರೆಗೂ ಮರಳಿಸಬಹುದು. ಆದರೆ ಒಂದು ಕಾಲೇಜಿಗೆ ಅದನ್ನು ನೋಡಿಕೊಳ್ಳುವ ಹೊರೆ ಹೆಚ್ಚೆಂದು ನನಗನ್ನಿಸುತ್ತದೆ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಇನ್ನೊಂದು ಡಂಪ್ ತೆಗೆಯುವಂತೆ ಕ್ರಾನ್‌ನಲ್ಲಿ ಒಂದು ಸಾಲು ಸೇರಿಸಿದರೆ ನಷ್ಟ ಅರ್ಧ ದಿನಕ್ಕೆ ಇಳಿಯುತ್ತದೆ. ಉಳಿದದ್ದನ್ನು ಕೌಂಟರಿನ ಪುಸ್ತಕದಲ್ಲಿ ಸದಸ್ಯರ ಸಂಖ್ಯೆ ಮತ್ತು ಪರಿಗ್ರಹಣ ಸಂಖ್ಯೆ (ಪುಸ್ತಕದ ನೋಂದಣಿ ಸಂಖ್ಯೆ) ಬರೆದುಕೊಂಡು ಸರಿಪಡಿಸಬಹುದು. ಸರ್ವರ್ ಇಲ್ಲದ ದಿನಗಳನ್ನು ಕೋಹಾದ ಕ್ಯಾಲೆಂಡರಿನಲ್ಲಿ ರಜೆ ಎಂದು ಗುರುತಿಸಲು ಮರೆಯಬೇಡಿ. ಇಲ್ಲವಾದರೆ ಪುಸ್ತಕ ಹಿಂತಿರುಗಿಸಲು ಬಂದು ವಾಪಸು ಹೋದ ಮಕ್ಕಳಿಗೆ ದಂಡ ಬೀಳುತ್ತದೆ.

ಉತ್ತರ 2: ಕಂಪ್ಯೂಟರ್ ದುರಸ್ತಿ, ಹುಬ್ಬಳ್ಳಿ

ಮೇಲಿನವರ ಮಾತು ಬಹುಪಾಲು ಸರಿಯಾಗಿದ್ದರೂ ಇಮೇಜನ್ನು ಅಷ್ಟು ಹಗುರವಾಗಿ ಬದಿಗಿಡಬೇಡಿ. ಡಿಸ್ಕ್ ಒಂದೇ ಕೆಟ್ಟು ಉಳಿದ ಯಂತ್ರ ಗಟ್ಟಿಯಾಗಿದ್ದಾಗ ಇಮೇಜ್ ಇಳಿಸಿ, ಇನ್‌ಸ್ಟನ್ಸನ್ನು ತೆಗೆದುಹಾಕಿ, ನಿನ್ನೆಯ ಡಂಪ್ ಇಳಿಸುವುದು ಎಲ್ಲಕ್ಕಿಂತ ವೇಗದ ದಾರಿ. ಆಗ ಡೀಫಾಲ್ಟ್.ಐಡಿಎಕ್ಸ್, ಪೋರ್ಟ್ ಸಂಖ್ಯೆ ಇವೆಲ್ಲ ತಾವಾಗಿಯೇ ಬಂದಿರುತ್ತವೆ. ಮದರ್‌ಬೋರ್ಡ್ ಹೋದಾಗ ಅಥವಾ ಯಂತ್ರವೇ ಬದಲಾದಾಗ ಮಾತ್ರ ಹೊಸದಾಗಿ ಸ್ಥಾಪಿಸುವ ಮಾರ್ಗ ಹಿಡಿಯಿರಿ.

ಇಮೇಜ್ ಇಳಿಸುವಾಗ ಜನರು ಎಡವುವ ಜಾಗಗಳು ನನಗೆ ಚೆನ್ನಾಗಿ ಗೊತ್ತಿವೆ. ಹಳೆಯ 500 ಜಿಬಿ ಹಾರ್ಡ್ ಡಿಸ್ಕಿನ ಬದಲಿಗೆ ಎಸ್‌ಎಸ್‌ಡಿ ಹಾಕಿಸೋಣವೆಂದು ಅಂಗಡಿಗೆ ಹೋದರೆ ಕೈಗೆ ಸಿಗುವುದು ಬಹಳ ಸಲ 480 ಜಿಬಿಯದು. ಒಳಗೆ ತುಂಬಿರುವುದು 60 ಜಿಬಿಯಷ್ಟೇ ಆಗಿದ್ದರೂ ಗುರಿಯ ಡಿಸ್ಕ್ ಮೂಲಕ್ಕಿಂತ ಚಿಕ್ಕದೆಂದು ಕ್ಲೋನ್‌ಝಿಲ್ಲಾ ಸಾಮಾನ್ಯ ಕ್ರಮದಲ್ಲಿ ಇಳಿಸಲು ಒಪ್ಪುವುದಿಲ್ಲ. ಆದ್ದರಿಂದ 1 ಟಿಬಿಯದನ್ನೇ ತನ್ನಿ. ಎರಡನೆಯದಾಗಿ, ಹಳೆಯ ಯಂತ್ರ ಲೆಗಸಿ ಬಯಾಸ್ ಎಂಬ ಹಳೆಯ ಕ್ರಮದಲ್ಲಿ ಬೂಟ್ ಆಗುತ್ತಿದ್ದರೆ ಅದರ ಇಮೇಜ್ ಯುಇಎಫ್‌ಐ ಎಂಬ ಹೊಸ ಕ್ರಮ ಮಾತ್ರ ಇರುವ ಹೊಸ ಬೋರ್ಡಿನಲ್ಲಿ ಎದ್ದೇಳುವುದಿಲ್ಲ. ಮೂರನೆಯದಾಗಿ, ಯಂತ್ರ ಬದಲಾದರೆ ನೆಟ್‌ವರ್ಕ್ ಕಾರ್ಡಿನ ಹೆಸರೂ ಬದಲಾಗಬಹುದು. ಮೊದಲು ಇಎನ್‌ಪಿ3ಎಸ್0 ಎಂದಿದ್ದದ್ದು ಈಗ ಇಎನ್‌ಪಿ2ಎಸ್0 ಆಗಿರಬಹುದು. ಸ್ಥಿರ ಐಪಿ ಹಳೆಯ ಹೆಸರಿಗೇ ಅಂಟಿಕೊಂಡಿರುವುದರಿಂದ ಸರ್ವರ್ ಸರಿಯಾಗಿ ಬೂಟ್ ಆದರೂ ಕೌಂಟರಿನ ಕಂಪ್ಯೂಟರಿಗೆ ಕಾಣಿಸುವುದಿಲ್ಲ. ಇದನ್ನೇ ಕೇಬಲ್ ದೋಷವೆಂದು ತಿಳಿದು ಅರ್ಧ ದಿನ ಕಳೆದವರಿದ್ದಾರೆ.

ತುರ್ತಿನ ಮಾತೊಂದಿದೆ. ಸೆಕ್ಟರುಗಳು ಸಾಯುತ್ತಿರುವ ಡಿಸ್ಕಿನ ಮೇಲೆ ಎಫ್‌ಎಸ್‌ಸಿಕೆ (ಕಡತವ್ಯವಸ್ಥೆ ಸರಿಪಡಿಸುವ ಆಜ್ಞೆ) ಓಡಿಸಿ "ಸರಿಪಡಿಸುವ" ಪ್ರಯತ್ನಕ್ಕೆ ಯಾರೂ ಕೈ ಹಾಕದಂತೆ ನೋಡಿಕೊಳ್ಳಿ. ಮೊದಲು ಡಂಪ್ ಮತ್ತು /ಇಟಿಸಿ ಹೊರಗೆ ಬರಲಿ. ಅವು ಚಿಕ್ಕವು, ಬೇಗ ಬರುತ್ತವೆ. ಅದಾದ ಮೇಲೆ ಯಂತ್ರ ನಿಲ್ಲಿಸಿ ಹೊಸ ಇಮೇಜ್ ತೆಗೆಯಿರಿ. ಓದುವಾಗ ದೋಷ ಬಂದು ಕ್ಲೋನ್‌ಝಿಲ್ಲಾ ನಿಂತರೆ ಡಿಡಿರೆಸ್ಕ್ಯೂ ಬಳಸಿ. ಅದು ಚೆನ್ನಾಗಿರುವ ಭಾಗಗಳನ್ನು ಮೊದಲು ಓದಿಕೊಂಡು, ಕೆಟ್ಟ ಭಾಗಗಳನ್ನು ಕೊನೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಡಿಸ್ಕ್ ಪೂರ್ತಿ ನಿಲ್ಲುವವರೆಗೆ ಕಾಯುವ ಬದಲು ಬರುವ ಭಾನುವಾರವೇ ಬದಲಾಯಿಸಿಬಿಡುವುದು ಇನ್ನೂ ಒಳ್ಳೆಯದು.

ಉತ್ತರ 3: ಗಣಕ ವಿಭಾಗ, ಧಾರವಾಡ

ಯುಎಸ್‌ಬಿ ಡಿಸ್ಕ್ ಸದಾ ಸರ್ವರಿಗೆ ಸೇರಿಕೊಂಡೇ ಇರುತ್ತದೆ ಎಂಬ ವಾಕ್ಯ ನನ್ನನ್ನು ತಡೆದು ನಿಲ್ಲಿಸಿತು. ಸಿಡಿಲು ಬಡಿದು ವಿದ್ಯುತ್ ಏರಿದರೆ, ಕಳ್ಳತನವಾದರೆ, ರ‍್ಯಾನ್ಸಮ್‌ವೇರ್ ಹೊಕ್ಕರೆ ಅಥವಾ ಯಾರಾದರೂ ತಪ್ಪು ಜಾಗದಲ್ಲಿ ಅಳಿಸುವ ಆಜ್ಞೆ ಕೊಟ್ಟರೆ ಮೂಲವೂ ನಕಲೂ ಒಟ್ಟಿಗೇ ಹೋಗುತ್ತವೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬೋರ್ಗ್‌ನಲ್ಲಿ ಓವಿಎಚ್‌ಕ್ಲೌಡ್ ಸಂಸ್ಥೆಯ ದತ್ತಾಂಶ ಕೇಂದ್ರ ಬೆಂಕಿಗೆ ಆಹುತಿಯಾದಾಗ, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟಿದ್ದ ಕೆಲವು ಗ್ರಾಹಕರಿಗೆ ಮರಳಿ ಪಡೆಯಲು ಏನೂ ಉಳಿದಿರಲಿಲ್ಲ. ಎರಡು ಡಿಸ್ಕ್‌ಗಳನ್ನು ಇಟ್ಟುಕೊಂಡು ಪ್ರತಿ ಶನಿವಾರ ಅದಲುಬದಲು ಮಾಡಿ. ಬಿಡುವಿನಲ್ಲಿರುವುದು ಗ್ರಂಥಾಲಯದ ಕಟ್ಟಡದಲ್ಲಿರದೆ ಕಚೇರಿಯ ತಿಜೋರಿಯಲ್ಲಿರಲಿ.

ಎಷ್ಟು ದಿನಗಳ ಡಂಪ್ ಉಳಿದಿರುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಕೋಹಾ ತನ್ನಷ್ಟಕ್ಕೆ ಬಿಟ್ಟರೆ /ವಾರ್/ಸ್ಪೂಲ್/ಕೋಹಾದಲ್ಲಿ ಎರಡು ದಿನಗಳದ್ದನ್ನು ಮಾತ್ರ ಉಳಿಸಿಕೊಂಡು ಹಳೆಯದನ್ನು ಅಳಿಸುತ್ತದೆ. ನಿಮ್ಮ ಸ್ಕ್ರಿಪ್ಟ್ ಆ ಫೋಲ್ಡರನ್ನು ಇದ್ದಂತೆಯೇ ಬಿಂಬಿಸುತ್ತಿದ್ದರೆ ಯುಎಸ್‌ಬಿಯಲ್ಲಿಯೂ ಎರಡೇ ದಿನಗಳದ್ದು ಇರುತ್ತದೆ. ಶುಕ್ರವಾರ ಸದಸ್ಯರ ಒಂದು ವರ್ಗವನ್ನೇ ಯಾರೋ ತಪ್ಪಾಗಿ ಅಳಿಸಿ, ಅದು ಸೋಮವಾರ ಗೊತ್ತಾದರೆ ಒಳ್ಳೆಯ ಪ್ರತಿ ಎಲ್ಲಿಯೂ ಇರುವುದಿಲ್ಲ. ದಿನದ ಏಳು, ವಾರದ ನಾಲ್ಕು, ತಿಂಗಳಿನ ಹನ್ನೆರಡು ಪ್ರತಿಗಳನ್ನು ಉಳಿಸಿ. ಈ ಗಾತ್ರಕ್ಕೆ ಜಾಗದ ಕೊರತೆಯಾಗದು.

ಬ್ಯಾಕಪ್ ನಡೆಯುತ್ತಿದೆ ಎಂಬ ನಂಬಿಕೆಯನ್ನೂ ಪರೀಕ್ಷಿಸಬೇಕು. 2017ರ ಜನವರಿ 31ರಂದು ತಂತ್ರಾಂಶದ ಕೋಡ್ ಇಡುವ ಸೇವೆ ನೀಡುವ ಗಿಟ್‌ಲ್ಯಾಬ್ ಸಂಸ್ಥೆಯ ಸಿಬ್ಬಂದಿಯೊಬ್ಬರು ಮುಖ್ಯ ಡೇಟಾಬೇಸಿನ ಫೋಲ್ಡರನ್ನು ತಪ್ಪಾಗಿ ಅಳಿಸಿದಾಗ, ನಿತ್ಯ ನಡೆಯಬೇಕಿದ್ದ ಡಂಪ್ ಆವೃತ್ತಿಗಳ ಹೊಂದಾಣಿಕೆ ಇಲ್ಲದೆ ವಿಫಲವಾಗುತ್ತಿದ್ದದ್ದು ಬೆಳಕಿಗೆ ಬಂತು. ವಿಫಲವಾದ ಸೂಚನೆಯ ಇಮೇಲ್‌ಗಳೂ ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಅದೃಷ್ಟವಶಾತ್ ಸುಮಾರು ಆರು ಗಂಟೆ ಮುಂಚೆ ಬೇರೆ ಕಾರಣಕ್ಕೆ ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಪ್ರತಿ) ಅವರನ್ನು ಉಳಿಸಿತು. ಅದನ್ನೆಲ್ಲ ಸಂಸ್ಥೆ ಬಹಿರಂಗವಾಗಿ ಬರೆದು ಪ್ರಕಟಿಸಿದ್ದು ಮೆಚ್ಚತಕ್ಕದ್ದು. ನೀವು ಮಾಡಬೇಕಾದದ್ದು ಸರಳ: ಡಂಪ್ ಕಡತದ ದಿನಾಂಕ ಮತ್ತು ಗಾತ್ರವನ್ನು ವಾರಕ್ಕೊಮ್ಮೆ ಕಣ್ಣಾರೆ ನೋಡಿ. ಗಾತ್ರ ಇದ್ದಕ್ಕಿದ್ದಂತೆ ಕುಸಿದಿದ್ದರೆ ಕಾರಣ ಹುಡುಕಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಅನಂತ ಧನ್ಯವಾದಗಳು. ಡೀಫಾಲ್ಟ್.ಐಡಿಎಕ್ಸ್ ತೆರೆದು ನೋಡಿದೆ. ಅದರಲ್ಲಿ ಐಸಿಯು ಸಾಲುಗಳು ಇವೆ. /ಇಟಿಸಿಯನ್ನು ನಕಲಿಗೆ ಸೇರಿಸಿದ್ದಾಯಿತು, 1 ಟಿಬಿಯ ಎಸ್‌ಎಸ್‌ಡಿಗೆ ಬೇಡಿಕೆಪತ್ರವನ್ನೂ ಕೊಟ್ಟಿದ್ದೇನೆ. ಅದು ಬರುವ ಮುಂಚೆ ಪ್ರಯೋಗಾಲಯದ ಒಂದು ಬಿಡಿ ಕಂಪ್ಯೂಟರಿನಲ್ಲಿ ಡಂಪ್ ಇಳಿಸಿ ಅಭ್ಯಾಸ ಮಾಡಬೇಕೆಂದಿದ್ದೇವೆ. ಇದರಿಂದ ನಿಜವಾದ ಸರ್ವರಿಗೆ ತೊಂದರೆಯಾದೀತೇ? ಡೇಟಾಬೇಸಿನ ಪಾಸ್‌ವರ್ಡ್ ನಮ್ಮಲ್ಲಿ ಯಾರಿಗೂ ತಿಳಿಯದು, ಸ್ಥಾಪಿಸಿಕೊಟ್ಟವರು ಈಗ ಸಂಪರ್ಕಕ್ಕೂ ಸಿಗುತ್ತಿಲ್ಲ.

ಉತ್ತರ 1 ಬರೆದವರು

ಪಾಸ್‌ವರ್ಡಿನ ಚಿಂತೆ ಬೇಡ. ಸರ್ವರಿನಲ್ಲಿ ರೂಟ್ (ಪೂರ್ಣ ನಿಯಂತ್ರಣದ) ಅಧಿಕಾರ ನಿಮ್ಮ ಕೈಯಲ್ಲಿದ್ದರೆ ಕೋಹಾ-ಪಾಸ್‌ಡಬ್ಲ್ಯುಡಿ ಆಜ್ಞೆ ಇನ್‌ಸ್ಟನ್ಸಿನ ಡೇಟಾಬೇಸ್ ಪಾಸ್‌ವರ್ಡನ್ನು ತೋರಿಸುತ್ತದೆ. ಅದು ಕೋಹಾ-ಕಾನ್ಫ್.ಎಕ್ಸ್‌ಎಂಎಲ್ ಕಡತದಲ್ಲಿಯೂ ಇರುವುದರಿಂದ ರಿಸ್ಟೋರ್ ಮಾಡಿದಾಗ ತಾನಾಗಿಯೇ ಬರುತ್ತದೆ.

ಅಭ್ಯಾಸದ ಯಂತ್ರದ ವಿಷಯದಲ್ಲಿ ಒಂದು ಎಚ್ಚರ ಅತ್ಯಗತ್ಯ: ಪ್ಯಾಕೇಜುಗಳೆಲ್ಲ ಸ್ಥಾಪನೆಯಾದ ಕೂಡಲೇ, ಕೋಹಾ-ರಿಸ್ಟೋರ್ ಓಡಿಸುವ ಮುಂಚೆ, ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ. ಡಂಪ್‌ನೊಳಗೆ ಸದಸ್ಯರ ಇಮೇಲ್ ವಿಳಾಸಗಳೂ ಕಳುಹಿಸಲು ಸಾಲಿನಲ್ಲಿರುವ ಸಂದೇಶಗಳೂ ಇರುತ್ತವೆ. ಅಭ್ಯಾಸದ ಪ್ರತಿಯಲ್ಲಿ ಕ್ರಾನ್ ಓಡಿದರೆ ಅದು ತನ್ನನ್ನೇ ನಿಜವಾದ ಸರ್ವರ್ ಎಂದು ಭಾವಿಸಿ ಅವಧಿ ಮೀರಿದ ಪುಸ್ತಕಗಳ ಸೂಚನೆಯನ್ನು ವಿದ್ಯಾರ್ಥಿಗಳಿಗೆ ಎರಡನೆಯ ಬಾರಿ ಕಳುಹಿಸಬಹುದು. ರಿಸ್ಟೋರ್ ಮುಗಿದೊಡನೆ ಕೋಹಾ-ಇಮೇಲ್-ಡಿಸೇಬಲ್ ಆಜ್ಞೆಯನ್ನು ಕೊಟ್ಟು, ಐಪಿ ವಿಳಾಸ ನಿಜವಾದ ಸರ್ವರಿನದಲ್ಲ ಎಂದು ನೋಡಿಕೊಂಡ ಮೇಲೆಯೇ ಕೇಬಲ್ ಮತ್ತೆ ಸೇರಿಸಿ.

ಪರಿಶೀಲನೆಗೆ ಕಂಪ್ಯೂಟರ್ ಬಲ್ಲವರಿಗಿಂತ ಗ್ರಂಥಾಲಯ ಬಲ್ಲ ನೀವೇ ಯೋಗ್ಯರು. ಪರಿಗ್ರಹಣ ವಹಿಯ ಕೊನೆಯ ಸಂಖ್ಯೆಯ ಪುಸ್ತಕ ಕೋಹಾದಲ್ಲಿ ಸಿಗುತ್ತದೆಯೇ ಎಂದು ನೋಡಿ. ಸ್ಟ್ಯಾಟಿಸ್ಟಿಕ್ಸ್ ಕೋಷ್ಟಕದಲ್ಲಿನ ಕೊನೆಯ ವ್ಯವಹಾರದ ದಿನಾಂಕ ಮತ್ತು ಸಮಯವನ್ನು ಬರೆದುಕೊಳ್ಳಿ. ಪ್ರತಿ ಯಾವ ಕ್ಷಣದವರೆಗಿನದು ಎಂಬುದನ್ನು ಕಡತದ ಹೆಸರಿಗಿಂತ ಅದು ನಿಖರವಾಗಿ ಹೇಳುತ್ತದೆ. ಕನ್ನಡ ಶೀರ್ಷಿಕೆಯೊಂದನ್ನು ಪೂರ್ತಿ ಪದದಿಂದಲೂ ಒತ್ತಕ್ಷರವಿರುವ ಪದದಿಂದಲೂ ಹುಡುಕಿ. ಶೀರ್ಷಿಕೆಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೇ ಸಾಲಾಗಿ ಕಂಡರೆ ಡಂಪ್ ಇಳಿಸುವಾಗ ಅಕ್ಷರಸಂಕೇತ ತಪ್ಪಿದೆ ಎಂದರ್ಥ; ಕೋಹಾ-ರಿಸ್ಟೋರ್ ಬಿಟ್ಟು ಬೇರೆ ಉಪಕರಣದಿಂದ ಇಳಿಸಿದಾಗ ಸಾಮಾನ್ಯವಾಗಿ ಹೀಗಾಗುತ್ತದೆ. ಶೀರ್ಷಿಕೆ ಸರಿಯಾಗಿ ಕಂಡು ಹುಡುಕಾಟಕ್ಕೆ ಮಾತ್ರ ಸಿಗದಿದ್ದರೆ ಇಂಡೆಕ್ಸ್ ಕಡೆಗೆ ನೋಡಿ. ಅನಂತರ ಒಂದು ಪುಸ್ತಕವನ್ನು ಕೊಟ್ಟು, ಹಿಂಪಡೆದು, ಸದಸ್ಯರ ರಸೀದಿಯೊಂದನ್ನು ಮುದ್ರಿಸಿ ನೋಡಿ.

ಈ ಅಭ್ಯಾಸವನ್ನು ನೀವೇ ಕೀಲಿಮಣೆಯ ಮುಂದೆ ಕುಳಿತು ಮಾಡಿ, ಉಪನ್ಯಾಸಕರು ಪಕ್ಕದಲ್ಲಿ ಕುಳಿತು ಪ್ರತಿ ಹೆಜ್ಜೆಯನ್ನೂ ಬರೆದುಕೊಳ್ಳಲಿ. ಆ ಹಾಳೆಯ ಒಂದು ಪ್ರತಿ ಡಿಸ್ಕಿನ ಜೊತೆ ಕಚೇರಿಯ ತಿಜೋರಿಯಲ್ಲಿರಲಿ, ಇನ್ನೊಂದು ಕೌಂಟರಿನ ಡ್ರಾಯರಿನಲ್ಲಿರಲಿ. ಅದನ್ನು ಸರ್ವರಿನಲ್ಲಿಯೇ ಟೈಪ್ ಮಾಡಿ ಉಳಿಸುವುದು ಬೇಡ.